ಜಾವಾದಿಂದ ಗೋ ಭಾಷೆಗೆ: ಅಪಾಚೆ ಶಿರೋ ಭದ್ರತಾ ಚೌಕಟ್ಟನ್ನು ಪೋರ್ಟ್ ಮಾಡುವ ಬಗೆ

ಲೆಕ್ಕಪತ್ರದ ತಂತ್ರಾಂಶವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡುವಾಗ ತಪ್ಪಾದರೆ ಮೊತ್ತ ತಾಳೆಯಾಗುವುದಿಲ್ಲ, ಮರುದಿನವೇ ಯಾರಾದರೂ ದೂರು ಹೇಳುತ್ತಾರೆ. ಯಾರು ಒಳಗೆ ಬರಬಹುದು, ಬಂದವರು ಏನು ಮಾಡಬಹುದು ಎಂದು ನಿರ್ಧರಿಸುವ ಭದ್ರತಾ ಚೌಕಟ್ಟನ್ನು ಪೋರ್ಟ್ ಮಾಡುವಾಗ ತಪ್ಪಾದರೆ ಬರಬೇಕಾದವರು ಎಂದಿನಂತೆ ಒಳಗೆ ಬರುತ್ತಾರೆ, ಬರಬಾರದವರೂ ಬರುತ್ತಾರೆ, ಯಾರೂ ದೂರುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಕೋಡ್ ಬರೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು. ಹಳೆಯ ವೇದಿಕೆಯು ನಮಗೆ ಹೇಳದೆ ಕೇಳದೆ ಏನೇನು ಮಾಡಿಕೊಡುತ್ತಿತ್ತು ಎಂಬುದನ್ನು ಹುಡುಕಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಆ ಹೇಳದ ಉಪಕಾರಗಳು ಮೂಲ ಕೋಡ್‌ನ ಯಾವ ಸಾಲಿನಲ್ಲೂ ಕಾಣುವುದಿಲ್ಲ, ಸಾಲುಸಾಲಾಗಿ ಅನುವಾದಿಸುವವನ ಕೈಗೂ ಸಿಗುವುದಿಲ್ಲ.

ಈ ಬರಹದಲ್ಲಿ ಉದಾಹರಣೆಗೆ ಅಪಾಚೆ ಶಿರೋವನ್ನು ತೆಗೆದುಕೊಂಡಿದ್ದೇನೆ. 2004ರಲ್ಲಿ ಜೆಸೆಕ್ಯುರಿಟಿ ಎಂಬ ಹೆಸರಿನಲ್ಲಿ ಆರಂಭವಾಗಿ, 2010ರಲ್ಲಿ ಅಪಾಚೆ ಪ್ರತಿಷ್ಠಾನದ ಪೂರ್ಣ ಪ್ರಮಾಣದ ಯೋಜನೆಯಾದ ಈ ಜಾವಾ ಚೌಕಟ್ಟಿನ ಹೆಸರಿಗೆ ಜಪಾನಿ ಭಾಷೆಯಲ್ಲಿ ಕೋಟೆ ಎಂಬ ಅರ್ಥವಿದೆ. ಪೋರ್ಟ್ ಮಾಡುವುದನ್ನು ಕಲಿಯಲು ಇದು ಒಳ್ಳೆಯ ಆಯ್ಕೆ. ತಂತ್ರಾಂಶವನ್ನು ಬಳಸುತ್ತಿರುವ ವ್ಯಕ್ತಿಯನ್ನು ಸೂಚಿಸುವ ಸಬ್ಜೆಕ್ಟ್, ಬಳಕೆದಾರರ ವಿವರಗಳ ಮೂಲವಾದ ರೆಲ್ಮ್, ಎರಡನ್ನೂ ಬೆಸೆಯುವ ಸೆಕ್ಯುರಿಟಿ ಮ್ಯಾನೇಜರ್ ಎಂಬ ಮೂರು ಪರಿಕಲ್ಪನೆಗಳ ಮೇಲೆ ಇಡೀ ಕಟ್ಟಡ ನಿಂತಿದೆ, ಮತ್ತು ಈ ಮೂರೂ ಜಾವಾಕ್ಕೆ ಮಾತ್ರ ಕಟ್ಟುಬಿದ್ದವಲ್ಲ. ಹೊಸ ವೇದಿಕೆಯಾಗಿ ಗೋ ಭಾಷೆಯನ್ನು ಇಟ್ಟುಕೊಂಡಿದ್ದೇನೆ. ಜಾವಾಕ್ಕೂ ಅದಕ್ಕೂ ಇರುವ ಅಂತರ ಸಾಕಷ್ಟು ದೊಡ್ಡದಾದ್ದರಿಂದ ಹೇಳದ ಉಪಕಾರಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ.

ಪರವಾನಗಿ ಮತ್ತು ಹೆಸರು

ಶಿರೋ ಇರುವುದು ಅಪಾಚೆ ಪರವಾನಗಿಯ 2.0ನೇ ಆವೃತ್ತಿಯಲ್ಲಿ. ಮೂಲವನ್ನು ಓದಿ ಇನ್ನೊಂದು ಭಾಷೆಯಲ್ಲಿ ಬರೆದದ್ದನ್ನು ಮೂಲದಿಂದ ಹುಟ್ಟಿದ ಕೃತಿಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಪರವಾನಗಿಯ ಪ್ರತಿಯನ್ನು ಜೊತೆಗಿಡಿ, ಮೂಲದ ಹಕ್ಕುಸ್ವಾಮ್ಯದ ಸೂಚನೆಗಳನ್ನು ಮತ್ತು ನೋಟಿಸ್ ಕಡತದ ವಿಷಯವನ್ನು ಉಳಿಸಿ, ಬದಲಾಯಿಸಿದ ಕಡತಗಳಲ್ಲಿ ಬದಲಾವಣೆ ಆಗಿದೆಯೆಂದು ಕಾಣುವಂತೆ ಬರೆಯಿರಿ. ಇದೇ ಪರವಾನಗಿ ವ್ಯಾಪಾರಮುದ್ರೆಯ ಹಕ್ಕನ್ನು ನಿಮಗೆ ಕೊಡುವುದಿಲ್ಲ. ಆದ್ದರಿಂದ ನಿಮ್ಮ ಯೋಜನೆಗೆ ಬೇರೆಯದೇ ಹೆಸರಿಟ್ಟು, ವಿವರಣೆಯಲ್ಲಿ ಮಾತ್ರ ಶಿರೋದ ಯಾವ ಆವೃತ್ತಿಯ, ಯಾವ ಕಮಿಟ್‌ನಿಂದ (ಕೋಡ್‌ನ ಇತಿಹಾಸದಲ್ಲಿ ದಾಖಲಾದ ಒಂದು ಬದಲಾವಣೆ) ಪೋರ್ಟ್ ಮಾಡಿದ್ದೀರಿ ಎಂಬುದನ್ನು ನಮೂದಿಸಿ. ಆ ಕಮಿಟ್‌ನ ಗುರುತು ಕೇವಲ ಶಿಷ್ಟಾಚಾರವಲ್ಲ; ಮುಂದೆ ಮೂಲದಲ್ಲಿ ದೋಷವೊಂದು ಹೊರಬಂದಾಗ ಅದು ನಿಮ್ಮಲ್ಲೂ ಇದೆಯೇ ಎಂದು ನೋಡಲು ಅದೊಂದೇ ಆಧಾರ.

ಏನನ್ನು ಒಯ್ಯಬಾರದು

ಒಯ್ಯಬೇಕಾದುದರ ಪಟ್ಟಿಗಿಂತ ಬಿಡಬೇಕಾದುದರ ಪಟ್ಟಿಯನ್ನು ಮೊದಲು ಮಾಡಿ. ಶಿರೋದಲ್ಲಿ ಬಿಡಬೇಕಾದ ಮೊದಲ ಸಾಮಾನು ‘ನನ್ನನ್ನು ನೆನಪಿಡು’ ಎಂಬ ಸೌಲಭ್ಯದ ಹಳೆಯ ರಚನೆ. ಅದು ಬಳಕೆದಾರನ ಗುರುತನ್ನು ಜಾವಾದ ಸೀರಿಯಲೈಸೇಶನ್ ವಿಧಾನದಲ್ಲಿ ಬೈಟ್‌ಗಳಾಗಿ ಮಾರ್ಪಡಿಸಿ, ಎಇಎಸ್ ಎಂಬ ವಿಧಾನದಿಂದ ಗೂಢಲಿಪೀಕರಿಸಿ, ಬ್ರೌಸರ್‌ನಲ್ಲಿ ಉಳಿಯುವ ಕುಕಿಯಲ್ಲಿ ಇಡುತ್ತಿತ್ತು. 1.2.5ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ನೀವು ಸ್ವತಃ ಕೀಲಿಯನ್ನು ಹೊಂದಿಸದಿದ್ದರೆ ಮೂಲ ಕೋಡ್‌ನಲ್ಲೇ ಬರೆದಿಟ್ಟ ಒಂದೇ ಕೀಲಿ ಎಲ್ಲರಿಗೂ ಬಳಕೆಯಾಗುತ್ತಿತ್ತು. ಮುಕ್ತ ಆಕರದಲ್ಲಿ ಬರೆದಿಟ್ಟ ಕೀಲಿ ಎಂದರೆ ಬಾಗಿಲ ಮುಂದಿನ ಚಾಪೆಯ ಕೆಳಗಿಟ್ಟ ಕೀಲಿಯೂ ಅಲ್ಲ, ಬಾಗಿಲಿಗೇ ನೇತುಹಾಕಿದ ಕೀಲಿ. ಅದನ್ನು ಬಲ್ಲವನು ತನಗೆ ಬೇಕಾದ ಜಾವಾ ವಸ್ತುವನ್ನು ಕುಕಿಯಲ್ಲಿ ಕಳುಹಿಸಿ ಸರ್ವರ್‌ನಲ್ಲಿ ತನ್ನ ಕೋಡ್ ಓಡಿಸಬಹುದಾಗಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಾದ ಸಿವಿಇಯಲ್ಲಿ ಇದರ ಗುರುತು ಸಿವಿಇ-2016-4437. ಕೀಲಿಯ ತೊಂದರೆ ಸರಿಹೋದ ಮೇಲೂ ಗೂಢಲಿಪೀಕರಣದ ಸಿಬಿಸಿ ವಿಧಾನದಲ್ಲಿ ಕೊನೆಯ ತುಂಡನ್ನು ತುಂಬಿಸುವ ಪ್ಯಾಡಿಂಗ್‌ನ ದೌರ್ಬಲ್ಯದಿಂದ ಸಿವಿಇ-2019-12422 ಬಂತು, ಅದು 1.4.2ರಲ್ಲಿ ಸರಿಯಾಯಿತು.

ಗೋ ಭಾಷೆಯಲ್ಲಿ ಜಾವಾದ ಸೀರಿಯಲೈಸೇಶನ್ ಇಲ್ಲ. ಅದನ್ನು ಓದುವ ಲೈಬ್ರರಿ ಹುಡುಕಲೂ ಹೋಗಬೇಡಿ. ಹಳೆಯ ಕುಕಿಗಳನ್ನೆಲ್ಲ ಅಮಾನ್ಯ ಮಾಡಿ, ಎಲ್ಲರೂ ಮತ್ತೊಮ್ಮೆ ಲಾಗಿನ್ ಆಗಲಿ. ಹೊಸದರಲ್ಲಿ ಕುಕಿಯಲ್ಲಿರುವುದು ಅರ್ಥವಿಲ್ಲದ ಯಾದೃಚ್ಛಿಕ ಟೋಕನ್ ಮಾತ್ರ ಆಗಿರಲಿ, ಅದರ ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ ಬೆರಳಚ್ಚು) ಡೇಟಾಬೇಸಿನಲ್ಲಿರಲಿ. ಟೋಕನ್ ಹುಟ್ಟಿಸುವಾಗ ಗಣಿತದ ರ‍್ಯಾಂಡ್ ಪ್ಯಾಕೇಜನ್ನು ಬಿಟ್ಟು ಕ್ರಿಪ್ಟೋ ರ‍್ಯಾಂಡ್ ಪ್ಯಾಕೇಜನ್ನೇ ಬಳಸಿ. ಎರಡರ ಹೆಸರಿನ ಕೊನೆಯ ಪದ ಒಂದೇ ಆಗಿರುವುದರಿಂದ ಎಡಿಟರ್ ತಾನಾಗಿ ತಪ್ಪು ಪ್ಯಾಕೇಜನ್ನು ಸೇರಿಸಿಬಿಡುವುದುಂಟು.

ಸಾಕ್ಷಿ ಕಡತ

ಗೋ ಭಾಷೆಯ ಮೊದಲ ಸಾಲು ಬರೆಯುವ ಮೊದಲು ಜಾವಾದಲ್ಲೇ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ. ಅದು ಮೂಲ ಶಿರೋಗೆ ನೂರಾರು ಬಗೆಯ ಇನ್‌ಪುಟ್ ಕೊಟ್ಟು, ಶಿರೋ ಕೊಟ್ಟ ಉತ್ತರವನ್ನು ಯಥಾವತ್ತಾಗಿ ಜೇಸನ್ ಕಡತದಲ್ಲಿ ಬರೆದಿಡಬೇಕು: ಈ ಪಾಸ್‌ವರ್ಡ್, ಈ ಸಾಲ್ಟ್ (ಹ್ಯಾಶ್ ಮಾಡುವ ಮೊದಲು ಪಾಸ್‌ವರ್ಡ್‌ಗೆ ಬೆರೆಸುವ ಯಾದೃಚ್ಛಿಕ ಬೈಟ್‌ಗಳು), ಇಷ್ಟು ಸುತ್ತು, ಬಂದ ಹ್ಯಾಶ್ ಇದು, ಈ ಅನುಮತಿ ಆ ಅನುಮತಿಯನ್ನು ಒಳಗೊಳ್ಳುತ್ತದೆಯೇ, ಹೌದು ಅಥವಾ ಇಲ್ಲ, ಈ ಇನ್‌ಪುಟ್‌ಗೆ ಯಾವ ಎಕ್ಸೆಪ್ಶನ್ (ಜಾವಾ ಎಸೆಯುವ ದೋಷ) ಬಂತು. ಆ ಕಡತವನ್ನು ನಾವು ಸಾಕ್ಷಿ ಕಡತ ಎಂದು ಕರೆಯುತ್ತಿದ್ದೆವು. ಜೆಯುನಿಟ್ ಎಂಬ ಜಾವಾ ಪರೀಕ್ಷಾ ಸಾಧನದಲ್ಲಿ ಬರೆದ ಮೂಲದ ಪರೀಕ್ಷೆಗಳನ್ನು ಅನುವಾದಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಆ ಪರೀಕ್ಷೆಗಳನ್ನು ಬರೆದವರು ಜಾವಾದೊಳಗೇ ಇದ್ದವರು, ಜಾವಾ ತಾನಾಗಿ ಮಾಡಿಕೊಡುವುದನ್ನು ಪರೀಕ್ಷಿಸುವ ಅಗತ್ಯ ಅವರಿಗಿರಲಿಲ್ಲ. ನಮಗಿರುವುದು ಆ ಅಗತ್ಯವೇ.

ಇನ್‌ಪುಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದರೆ ಸಾಕ್ಷಿ ಕಡತದ ಅರ್ಧ ಬೆಲೆ ಹೋಯಿತು. ನಮಗೆ ಕನ್ನಡವೆಂಬ ಒಳ್ಳೆಯ ಸಾಣೆಕಲ್ಲು ಕೈಯಲ್ಲೇ ಇದೆ, ಅದನ್ನು ಹೇಗೆ ಬಳಸುವುದೆಂದು ಮುಂದೆ ಪಾಸ್‌ವರ್ಡ್‌ನ ಭಾಗದಲ್ಲಿ ಹೇಳುತ್ತೇನೆ.

ಅನುಮತಿಯ ತರ್ಕ

ಶಿರೋದ ಅನುಮತಿಗಳು ‘ಕಡತ:ಓದು:12’ ಎಂಬಂತೆ ವಿಸರ್ಗದಂಥ ಎರಡು ಚುಕ್ಕಿಯಿಂದ ಬೇರ್ಪಟ್ಟ ಭಾಗಗಳಾಗಿ ಇರುತ್ತವೆ. ಒಂದು ಭಾಗದೊಳಗೆ ಅಲ್ಪವಿರಾಮ ಹಾಕಿ ಹಲವು ಪದಗಳನ್ನು ಇಡಬಹುದು, ನಕ್ಷತ್ರ ಚಿಹ್ನೆ ಎಂದರೆ ಎಲ್ಲವೂ. ಒಂದು ಅನುಮತಿ ಇನ್ನೊಂದನ್ನು ಒಳಗೊಳ್ಳುತ್ತದೆಯೇ ಎಂದು ನೋಡುವಾಗ ಭಾಗಗಳನ್ನು ಎಡದಿಂದ ಹೋಲಿಸಬೇಕು. ಕೊಟ್ಟ ಅನುಮತಿ ಮೊದಲೇ ಮುಗಿದರೆ ಉಳಿದುದೆಲ್ಲಕ್ಕೂ ಒಪ್ಪಿಗೆಯಿದೆ ಎಂದರ್ಥ: ‘ಕಡತ’ ಎಂಬಷ್ಟೇ ಅನುಮತಿ ಇರುವವನು ‘ಕಡತ:ಅಳಿಸು:12’ ಅನ್ನೂ ಮಾಡಬಲ್ಲ. ಇದಕ್ಕೆ ಪ್ರತಿಯಾಗಿ ಕೇಳಿದ ಅನುಮತಿ ಮೊದಲೇ ಮುಗಿದರೆ, ಕೊಟ್ಟ ಅನುಮತಿಯ ಉಳಿದ ಪ್ರತಿಯೊಂದು ಭಾಗದಲ್ಲೂ ನಕ್ಷತ್ರ ಇದ್ದರೆ ಮಾತ್ರ ಒಪ್ಪಿಗೆ. ಆದ್ದರಿಂದ ‘ಕಡತ:ಓದು:*’ ಇರುವವನಿಗೆ ‘ಕಡತ:ಓದು’ ಸಿಗುತ್ತದೆ, ‘ಕಡತ:ಓದು:12’ ಇರುವವನಿಗೆ ಸಿಗುವುದಿಲ್ಲ.

ಉಳಿದ ಭಾಗಗಳನ್ನು ನೋಡುವ ಈ ಎರಡನೆಯ ಲೂಪನ್ನು ಮರೆತುಬಿಡುವುದು ಸುಲಭ. ಮರೆತರೆ ಒಂದೇ ಕಡತವನ್ನು ಓದಬಲ್ಲವನು ಎಲ್ಲ ಕಡತಗಳನ್ನೂ ಓದಬಲ್ಲವನಾಗುತ್ತಾನೆ, ಮತ್ತು ‘ಕೊಟ್ಟರೆ ಸಿಗುತ್ತದೆಯೇ’ ಎಂದಷ್ಟೇ ನೋಡುವ ಪರೀಕ್ಷೆಗಳೆಲ್ಲ ಹಸಿರಾಗಿಯೇ ಉಳಿಯುತ್ತವೆ. ಆದ್ದರಿಂದ ಸಾಕ್ಷಿ ಕಡತದಲ್ಲಿ ‘ಇಲ್ಲ’ ಎಂಬ ಉತ್ತರಗಳು ‘ಹೌದು’ ಎಂಬುವುಗಳಿಗಿಂತ ಹೆಚ್ಚಿರಲಿ. ಗೋ 1.18ರಿಂದ ಭಾಷೆಯ ಜೊತೆಗೇ ಬರುವ ಯಾದೃಚ್ಛಿಕ ಇನ್‌ಪುಟ್‌ಗಳನ್ನು ಕೊಟ್ಟು ನೋಡುವ ಫಝ್ ಪರೀಕ್ಷೆ ಇಲ್ಲಿ ಸೊಗಸಾಗಿ ಕೆಲಸಕ್ಕೆ ಬರುತ್ತದೆ. ಯಾವ ಅನುಮತಿಯೂ ತನ್ನನ್ನು ತಾನು ಒಳಗೊಳ್ಳಬೇಕು. ಮೊದಲನೆಯದು ಎರಡನೆಯದನ್ನೂ ಎರಡನೆಯದು ಮೂರನೆಯದನ್ನೂ ಒಳಗೊಂಡರೆ ಮೊದಲನೆಯದು ಮೂರನೆಯದನ್ನು ಒಳಗೊಳ್ಳಲೇಬೇಕು. ಖಾಲಿ ಪಠ್ಯ ಅನುಮತಿಯೇ ಅಲ್ಲ. ಈ ಮೂರು ನಿಯಮಗಳನ್ನು ಬರೆದು ರಾತ್ರಿಯಿಡೀ ಓಡಲು ಬಿಡಿ.

ಇನ್ನೊಂದು ಸೂಕ್ಷ್ಮ. ಶಿರೋ ಅನುಮತಿಗಳನ್ನು ಸಹಜ ಸ್ಥಿತಿಯಲ್ಲಿ ಸಣ್ಣಕ್ಷರಕ್ಕೆ ಇಳಿಸಿ ಹೋಲಿಸುತ್ತದೆ. ಜಾವಾ ಮತ್ತು ಗೋ ಎರಡರಲ್ಲೂ ಸಣ್ಣಕ್ಷರ ಮಾಡುವ ಫಂಕ್ಷನ್ ಇದೆ, ಆದರೆ ಎರಡೂ ಒಂದೇ ಅಲ್ಲ. ತುರ್ಕಿ ಭಾಷೆಯ ಚುಕ್ಕಿಯಿರುವ ದೊಡ್ಡ ಐ ಅಕ್ಷರವನ್ನು ಗೋ ನೇರವಾಗಿ ಸಾಮಾನ್ಯ ಸಣ್ಣ ಐ ಮಾಡುತ್ತದೆ. ಜಾವಾ ಅದನ್ನು ಸಣ್ಣ ಐ ಮತ್ತು ಮೇಲೊಂದು ಬೇರೆ ಚುಕ್ಕಿ ಎಂದು ಎರಡು ಸಂಕೇತಗಳಾಗಿ ಮಾಡುತ್ತದೆ, ಸರ್ವರ್‌ನ ಲೋಕೇಲ್ (ಭಾಷೆಯ ಹೊಂದಾಣಿಕೆ) ತುರ್ಕಿಯಾಗಿದ್ದರೆ ಫಲಿತಾಂಶ ಮತ್ತೂ ಬೇರೆಯಾಗಬಹುದು. ಹೋಲಿಕೆಯಲ್ಲಿ ಬೇರೆ ಬೇರೆಯಾಗಿದ್ದ ಎರಡು ಅನುಮತಿಗಳು ಪೋರ್ಟ್‌ನಲ್ಲಿ ಒಂದೇ ಆಗಿಬಿಡುವುದು ಹೀಗೆ. ಹಳೆಯ ಅನುಮತಿಗಳ ಪಟ್ಟಿಯನ್ನೊಮ್ಮೆ ಪರಿಶೀಲಿಸಿ, ದೊಡ್ಡಕ್ಷರವಿರುವ ಹೊಸ ಅನುಮತಿಗಳನ್ನು ಸೇರಿಸುವಾಗಲೇ ತಿರಸ್ಕರಿಸುವುದು ನಾನು ಕಂಡ ಸರಳ ಪರಿಹಾರ.

ಪಾಸ್‌ವರ್ಡ್‌ಗಳು

ಶಿರೋ 1.x ಸಾಲಿನಲ್ಲಿ ಪಾಸ್‌ವರ್ಡ್ ಸೇವೆಯನ್ನು ಸಹಜ ಹೊಂದಾಣಿಕೆಯಲ್ಲೇ ಬಳಸಿದ್ದರೆ, ಡೇಟಾಬೇಸಿನಲ್ಲಿ ಡಾಲರ್ ಚಿಹ್ನೆಗಳ ನಡುವೆ ಶಿರೋ1 ಎಂಬ ಗುರುತು, ಎಸ್‌ಎಚ್‌ಎ-256 ಎಂಬ ವಿಧಾನದ ಹೆಸರು, 500000 ಎಂಬ ಸುತ್ತುಗಳ ಸಂಖ್ಯೆ, ಆಮೇಲೆ ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64ರಲ್ಲಿ ಸಾಲ್ಟ್, ಕೊನೆಗೆ ಬೇಸ್64ರಲ್ಲಿ ಹ್ಯಾಶ್ ಇರುತ್ತದೆ. ಈ 500000 ಎಂಬುದನ್ನು ಕಂಡ ಕೂಡಲೇ ಪಾಸ್‌ವರ್ಡ್ ಹ್ಯಾಶ್ ಮಾಡುವ ಪ್ರಸಿದ್ಧ ವಿಧಾನವಾದ ಪಿಬಿಕೆಡಿಎಫ್2 ಇರಬೇಕೆಂದು ಊಹಿಸಿ ಗೋ ಭಾಷೆಯ ಆ ಪ್ಯಾಕೇಜನ್ನು ಕರೆಯಬೇಡಿ. ಇದು ಅದಲ್ಲ. ಮೂಲ ಕೋಡ್ ಮೊದಲು ಸಾಲ್ಟ್‌ನ ಬೈಟ್‌ಗಳನ್ನು, ಅದರ ಹಿಂದೆಯೇ ಪಾಸ್‌ವರ್ಡ್‌ನ ಬೈಟ್‌ಗಳನ್ನು ಸೇರಿಸಿ ಒಮ್ಮೆ ಹ್ಯಾಶ್ ಮಾಡುತ್ತದೆ. ಆಮೇಲೆ ಬಂದ ಫಲಿತಾಂಶವನ್ನಷ್ಟೇ, ಸಾಲ್ಟ್ ಇಲ್ಲದೆ, ಮತ್ತೆ ಮತ್ತೆ ಹ್ಯಾಶ್ ಮಾಡುತ್ತ ಹೋಗುತ್ತದೆ. ಮೊದಲ ಸಲದ್ದು ಒಂದು ಸುತ್ತು ಎಂದೇ ಲೆಕ್ಕವಾಗುವುದರಿಂದ ಉಳಿದ ಲೂಪ್ ಓಡಬೇಕಾದದ್ದು 499999 ಸಲ.

ನಾನಿದ್ದ ತಂಡವೊಂದರಲ್ಲಿ ಈ ಲೂಪನ್ನು ಪೂರ್ತಿ ಐದು ಲಕ್ಷ ಸಲ ಓಡಿಸಿಬಿಟ್ಟಿದ್ದೆವು. ನಮ್ಮದೇ ಪರೀಕ್ಷೆಗಳು ಹೊಸ ಪಾಸ್‌ವರ್ಡ್ ಸೃಷ್ಟಿಸಿ ಅದನ್ನೇ ಪರಿಶೀಲಿಸುತ್ತಿದ್ದುದರಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ತಪ್ಪು ಎರಡೂ ಕಡೆ ಒಂದೇ ಆಗಿತ್ತಲ್ಲ. ಸಾಕ್ಷಿ ಕಡತವನ್ನು ಓದಿಸಿದ ಮೇಲೆ ಒಂದೇ ಒಂದು ಹ್ಯಾಶ್ ಕೂಡ ತಾಳೆಯಾಗಲಿಲ್ಲ, ಕಾರಣ ಸಿಕ್ಕಿದ್ದು ಮೂಲದಲ್ಲಿದ್ದ ‘ಒಂದನ್ನು ಕಳೆ’ ಎಂಬ ಪುಟ್ಟ ಸಾಲಿನಲ್ಲಿ.

ಹ್ಯಾಶ್‌ಗಳನ್ನು ಹೋಲಿಸಲು ಸಾಮಾನ್ಯ ಸಮಾನತೆಯ ಚಿಹ್ನೆಯ ಬದಲು ಸಟಲ್ ಪ್ಯಾಕೇಜಿನ ಸ್ಥಿರಕಾಲದ ಹೋಲಿಕೆಯನ್ನು ಬಳಸಿ. ಅದು ಹೌದು-ಇಲ್ಲ ಎಂದು ಹೇಳದೆ 1 ಅಥವಾ 0 ಎಂದು ಹೇಳುತ್ತದೆ ಎಂಬುದು ನೆನಪಿರಲಿ. ಇನ್ನು ಬಳಕೆದಾರನೇ ಇಲ್ಲದಿದ್ದಾಗ ಶಿರೋ ಹ್ಯಾಶ್ ಮಾಡುವ ಗೋಜಿಗೆ ಹೋಗದೆ ತಕ್ಷಣ ಎಕ್ಸೆಪ್ಶನ್ ಎಸೆಯುತ್ತದೆ. ಐದು ಲಕ್ಷ ಸುತ್ತಿನ ಲೆಕ್ಕಕ್ಕೂ ತಕ್ಷಣದ ಉತ್ತರಕ್ಕೂ ಇರುವ ಕಾಲದ ಅಂತರವನ್ನು ಅಳೆದು ಯಾವ ಹೆಸರಿನ ಖಾತೆ ಇದೆ, ಯಾವುದು ಇಲ್ಲ ಎಂದು ಹೊರಗಿನವರು ತಿಳಿಯಬಹುದು. ಇಲ್ಲದ ಬಳಕೆದಾರನಿಗೂ ಒಂದು ಹುಸಿ ಹ್ಯಾಶ್ ಲೆಕ್ಕ ಹಾಕಿ ಇದನ್ನು ಮುಚ್ಚಿ. ಆದರೆ ಇಂಥ ಸುಧಾರಣೆ ಪೋರ್ಟ್‌ನ ಕಮಿಟ್‌ನಲ್ಲಿ ಬೆರೆಯದೆ ಪ್ರತ್ಯೇಕ ಕಮಿಟ್ ಆಗಿರಲಿ. ಅನುವಾದವನ್ನೂ ತಿದ್ದುಪಡಿಯನ್ನೂ ಒಟ್ಟಿಗೆ ಮಾಡಿದರೆ, ಮುಂದೆ ವ್ಯತ್ಯಾಸ ಕಂಡಾಗ ಅದು ಉದ್ದೇಶಪೂರ್ವಕವೋ ಕೈತಪ್ಪೋ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಈಗ ಕನ್ನಡದ ವಿಷಯ. ‘ಲಕ್ಷ್ಮಿ’ ಎಂಬ ಪದ ನಮ್ಮ ಕಣ್ಣಿಗೆ ಎರಡು ಅಕ್ಷರ. ಯುನಿಕೋಡ್‌ನಲ್ಲಿ ಅದು ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಗುಡಿಸು ಎಂದು ಏಳು ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 21 ಬೈಟ್. ಜಾವಾದಲ್ಲಿ ಇದರ ಉದ್ದ ಕೇಳಿದರೆ 7, ಗೋ ಭಾಷೆಯಲ್ಲಿ ಕೇಳಿದರೆ 21. ಪಾಸ್‌ವರ್ಡ್ ಕನಿಷ್ಠ ಎಂಟು ಇರಬೇಕೆಂಬ ನಿಯಮವನ್ನು ಹಾಗೇ ಅನುವಾದಿಸಿದರೆ ಜಾವಾ ತಿರಸ್ಕರಿಸುತ್ತಿದ್ದ ಈ ಪದವನ್ನು ಗೋ ಧಾರಾಳವಾಗಿ ಒಪ್ಪಿಕೊಳ್ಳುತ್ತದೆ. ಗೋ ಭಾಷೆಯ ರೂನ್ (ಯುನಿಕೋಡ್ ಸಂಕೇತ) ಎಣಿಕೆಯನ್ನು ಬಳಸಿದರೆ ಕನ್ನಡಕ್ಕೆ ತಾಳೆಯಾಗುತ್ತದೆ, ಎಮೋಜಿಗೆ ಆಗುವುದಿಲ್ಲ, ಏಕೆಂದರೆ ಜಾವಾ ಹೆಚ್ಚಿನ ಎಮೋಜಿಗಳನ್ನು ಎರಡೆಂದು ಎಣಿಸುತ್ತದೆ. ಈ ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದು, ಒಪ್ಪಿಕೊಂಡಿದ್ದೇವೆಂದು ಬರೆದಿಡಬೇಕು ಅಷ್ಟೆ.

ಅದೃಷ್ಟಕ್ಕೆ ಶಿರೋ ಪಾಸ್‌ವರ್ಡನ್ನು ಯುಟಿಎಫ್-8 ಬೈಟ್‌ಗಳಾಗಿಯೇ ಮಾರ್ಪಡಿಸುವುದರಿಂದ ಹ್ಯಾಶ್‌ನ ಮಟ್ಟದಲ್ಲಿ ಕನ್ನಡ ಕೆಡುವುದಿಲ್ಲ. ಎಲ್ಲ ಲೈಬ್ರರಿಗಳಿಗೂ ಆ ಭಾಗ್ಯವಿರಲಿಲ್ಲ. ಪಾಸ್‌ವರ್ಡ್ ಹ್ಯಾಶ್ ಮಾಡುವ ಇನ್ನೊಂದು ವಿಧಾನವಾದ ಬಿಕ್ರಿಪ್ಟ್‌ನ ಜಾವಾ ಪೋರ್ಟ್ ಆದ ಜೆಬಿಕ್ರಿಪ್ಟ್‌ನ 0.3ಕ್ಕಿಂತ ಹಿಂದಿನ ಆವೃತ್ತಿಗಳು ಆಸ್ಕಿ (ಇಂಗ್ಲಿಷ್‌ನ ಮೂಲ ಅಕ್ಷರಸಮೂಹ) ಅಲ್ಲದ ಪ್ರತಿ ಸಂಕೇತವನ್ನೂ ಹ್ಯಾಶ್ ಮಾಡುವ ಮೊದಲು ಪ್ರಶ್ನಾರ್ಥಕ ಚಿಹ್ನೆಯಾಗಿ ಬದಲಾಯಿಸಿಬಿಡುತ್ತಿದ್ದವು. ಪೂರ್ತಿ ಕನ್ನಡದಲ್ಲಿ ಬರೆದ ಏಳು ಸಂಕೇತದ ಯಾವ ಪಾಸ್‌ವರ್ಡ್ ಆದರೂ ಏಳು ಪ್ರಶ್ನಾರ್ಥಕ ಚಿಹ್ನೆಗಳೇ, ಹಾಗಾಗಿ ‘ಲಕ್ಷ್ಮಿ’ ಎಂದು ಇಟ್ಟುಕೊಂಡವರ ಖಾತೆಗೆ ಅಷ್ಟೇ ಉದ್ದದ ಬೇರೆ ಯಾವ ಕನ್ನಡ ಪದ ಹಾಕಿದರೂ ಬಾಗಿಲು ತೆರೆಯುತ್ತಿತ್ತು. 2010ರಲ್ಲಿ ಇದು ಸರಿಯಾಯಿತು. ಪಿಎಚ್‌ಪಿಯಲ್ಲಿ ಬಳಕೆಯಾಗುತ್ತಿದ್ದ ಬಿಕ್ರಿಪ್ಟ್ ಜಾರಿಯಲ್ಲಿ ಸಿ ಭಾಷೆಯ ಚಿಹ್ನೆಸಹಿತ ಬೈಟ್‌ನ ಕಾರಣ ಇದೇ ಜಾತಿಯ ದೋಷ 2011ರಲ್ಲಿ ಬಯಲಾಗಿ, ಹಳೆಯ ತಪ್ಪು ಹ್ಯಾಶ್‌ಗಳನ್ನೂ ಹೊಸ ಸರಿ ಹ್ಯಾಶ್‌ಗಳನ್ನೂ ಬೇರ್ಪಡಿಸಲು ಹೊಸ ಗುರುತುಗಳನ್ನೇ ತರಬೇಕಾಯಿತು. ಎರಡೂ ಒಂದು ವೇದಿಕೆಯ ಪಠ್ಯ ಇನ್ನೊಂದರ ಬೈಟ್ ಆಗುವ ಹೊಸ್ತಿಲಲ್ಲಿ ಎಡವಿದ ಪ್ರಸಂಗಗಳು, ಇಂಗ್ಲಿಷ್‌ನಲ್ಲಷ್ಟೇ ಪರೀಕ್ಷಿಸುವವರಿಗೆ ಎರಡೂ ಕಾಣುವಂತಿರಲಿಲ್ಲ.

ಹೊಸ ಪಾಸ್‌ವರ್ಡ್‌ಗಳಿಗೆ ಯಾವ ಹ್ಯಾಶ್ ಎಂಬ ಪ್ರಶ್ನೆ ಬಂದಾಗ ನಾನು ಆರ್ಗಾನ್2ಐಡಿಯನ್ನು ಆರಿಸಿಕೊಳ್ಳುತ್ತೇನೆ. ಅದನ್ನು ವಿವರಿಸುವ ದಾಖಲೆಯಾದ ಆರ್‌ಎಫ್‌ಸಿ 9106 ಸೂಚಿಸುವ ಎರಡನೆಯ ಹೊಂದಾಣಿಕೆಯಾದ 64 ಮೆಬಿಬೈಟ್ ಸ್ಮರಣೆ, 3 ಸುತ್ತು, 4 ಸಮಾನಾಂತರ ಸಾಲುಗಳು ಸಾಮಾನ್ಯ ಸರ್ವರ್‌ಗೆ ಹೊಂದುತ್ತವೆ. ಬಿಕ್ರಿಪ್ಟ್ ಏಕೆ ಬೇಡವೆಂದರೆ ಅದು 72 ಬೈಟ್‌ನ ಆಚೆಗೆ ನೋಡುವುದಿಲ್ಲ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್‌ನಂತೆ ಅದು 24 ಸಂಕೇತಕ್ಕೇ ಮುಗಿಯಿತು. ‘ಮಳೆ ಬಂತು ಬೇಗ ಬೇಗ ಮನೆಗೆ ಹೋಗೋಣ’ ಎಂಬ ನೆನಪಿಡಲು ಸುಲಭವಾದ ವಾಕ್ಯವನ್ನು ಎಣಿಸಿ ನೋಡಿ: 23 ಸಂಕೇತಕ್ಕೆ 69 ಬೈಟ್, ಐದು ಖಾಲಿ ಜಾಗ, ಒಟ್ಟು 74. ಕೊನೆಯ ‘ಣ’ ಅಕ್ಷರದ ಮೊದಲ ಬೈಟ್ ಮಾತ್ರ ಒಳಗುಳಿಯುತ್ತದೆ, ಮತ್ತು ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ. ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸುವ ಜಾರಿಯಲ್ಲಿ ‘ಣ’ ಇದ್ದಲ್ಲಿ ಯಾವ ಕನ್ನಡ ಅಕ್ಷರ ಹಾಕಿದರೂ ನಡೆಯುತ್ತದೆ. ಗೋ ಭಾಷೆಯ ಬಿಕ್ರಿಪ್ಟ್ ಪ್ಯಾಕೇಜಿನ ಈಚಿನ ಆವೃತ್ತಿಗಳು ಕತ್ತರಿಸದೆ ದೋಷ ಹಿಂದಿರುಗಿಸುತ್ತವೆ, ಅದು ಮೆಚ್ಚತಕ್ಕದ್ದು. ಆದರೂ ಆ ದೋಷವನ್ನು ಬಳಕೆದಾರರಿಗೆ ಏನೆಂದು ವಿವರಿಸುತ್ತೀರಿ?

ಬಳಕೆದಾರರ ಹೆಸರಿನಲ್ಲಿ ಇನ್ನೊಂದು ಬಲೆಯಿದೆ. ‘ಗೋಪಾಲ’ ಎಂಬುದರ ಮೊದಲ ಅಕ್ಷರದ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ. ಕೆಲವು ಕೀಲಿಮಣೆ ತಂತ್ರಾಂಶಗಳು ‘ಕುಮಾರ್’ ಎಂಬಂಥ ಪದದ ಕೊನೆಗೆ ಕಾಣದ ಒಂದು ಅಗಲಿಕೆಯ ಸಂಕೇತವನ್ನೂ ಸೇರಿಸಿರುತ್ತವೆ. ಗೋ ಭಾಷೆಯ ನಾರ್ಮ್ ಪ್ಯಾಕೇಜಿನಿಂದ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಮೊದಲ ತೊಂದರೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ, ಪದದ ಅಂತ್ಯದಲ್ಲಿರುವ ಆ ಸಂಕೇತವನ್ನು ನೀವೇ ತೆಗೆಯಬೇಕು. ಆದರೆ ಜಾಗ್ರತೆ: ಮೂಲ ಶಿರೋ ತಾನಾಗಿ ಇದಾವುದನ್ನೂ ಮಾಡುವುದಿಲ್ಲ. ಹಳೆಯ ಪಾಸ್‌ವರ್ಡ್‌ಗಳನ್ನು ಪರಿಶೀಲಿಸುವಾಗ ಬಂದ ಬೈಟ್‌ಗಳನ್ನು ಮುಟ್ಟಬಾರದು, ಮುಟ್ಟಿದರೆ ಹಳೆಯ ಹ್ಯಾಶ್ ತಾಳೆಯಾಗದು. ಹೊಸ ಹ್ಯಾಶ್ ಬರೆಯುವಾಗಿನಿಂದ ಮಾತ್ರ ಈ ಶುದ್ಧೀಕರಣ ಜಾರಿಗೆ ಬರಲಿ.

ಥ್ರೆಡ್‌ಗೆ ಅಂಟಿದ ಗುರುತು

ಜಾವಾದಲ್ಲಿ ಶಿರೋ ಬಳಸುವವರು ಎಲ್ಲಿಂದ ಬೇಕಾದರೂ ‘ಈಗಿನ ಸಬ್ಜೆಕ್ಟ್ ಯಾರು’ ಎಂದು ಕೇಳಬಹುದು, ಉತ್ತರ ಬರುತ್ತದೆ. ಸಬ್ಜೆಕ್ಟನ್ನು ಈಗ ಓಡುತ್ತಿರುವ ಥ್ರೆಡ್‌ಗೆ (ಪ್ರೋಗ್ರಾಂನೊಳಗೆ ಓಡುವ ಕೆಲಸದ ಒಂದು ಎಳೆ) ಅಂಟಿಸಿ ಇಟ್ಟಿರುವುದೇ ಇದರ ಗುಟ್ಟು. 1.x ಸಾಲಿನಲ್ಲಿ ಹೊಸ ಥ್ರೆಡ್ ಹುಟ್ಟಿದಾಗ ತಾಯಿ ಥ್ರೆಡ್‌ನ ಗುರುತು ಮಗುವಿಗೂ ಬಳುವಳಿಯಾಗಿ ಬರುತ್ತದೆ. ಅವೇ ಥ್ರೆಡ್‌ಗಳನ್ನು ಮತ್ತೆ ಮತ್ತೆ ಬಳಸುವ ಥ್ರೆಡ್ ಪೂಲ್ ಇರುವಲ್ಲಿ ಇದು ಅಪಾಯಕಾರಿ: ಒಬ್ಬರ ವಿನಂತಿಯ ಸಮಯದಲ್ಲಿ ಹುಟ್ಟಿದ ಥ್ರೆಡ್ ಆಮೇಲೆ ಇನ್ನೊಬ್ಬರ ಕೆಲಸವನ್ನು ಹಳೆಯವರ ಹೆಸರಿನಲ್ಲೇ ಮಾಡಿಬಿಡಬಹುದು, ಅದಕ್ಕಾಗಿಯೇ ಕೆಲಸವನ್ನು ಸಬ್ಜೆಕ್ಟ್‌ಗೆ ಕಟ್ಟಿ ಮುಗಿದ ಮೇಲೆ ಬಿಚ್ಚುವ ವಿಧಾನವನ್ನು ಶಿರೋ ಕೊಟ್ಟಿದೆ.

ಗೋ ಭಾಷೆಯಲ್ಲಿ ಥ್ರೆಡ್‌ಗೆ ಅಂಟಿಸುವ ಸೌಲಭ್ಯವೇ ಇಲ್ಲ. ಅಲ್ಲಿನ ಹಗುರ ಥ್ರೆಡ್ ಆದ ಗೋರೂಟೀನ್‌ನ ಗುರುತನ್ನು ಅಡ್ಡದಾರಿಯಿಂದ ಪಡೆದು ಜಾವಾದ ಅಭ್ಯಾಸವನ್ನು ಅನುಕರಿಸುವ ಲೈಬ್ರರಿಗಳಿವೆ, ಅವುಗಳ ಕಡೆ ತಿರುಗಿಯೂ ನೋಡಬೇಡಿ. ಸಬ್ಜೆಕ್ಟನ್ನು ವಿನಂತಿಯ ಜೊತೆ ಸಾಗುವ ಕಾಂಟೆಕ್ಸ್ಟ್ ಎಂಬ ಮೌಲ್ಯದಲ್ಲಿಟ್ಟು ಪ್ರತಿ ಫಂಕ್ಷನ್‌ಗೂ ಮೊದಲ ಆರ್ಗ್ಯುಮೆಂಟ್ ಆಗಿ ಕೈಯಿಂದ ಕೈಗೆ ಕೊಡಬೇಕು. ಜಾವಾದಿಂದ ಬಂದವರಿಗೆ ಇದು ಗೋಳೆನಿಸುತ್ತದೆ, ನೂರಾರು ಫಂಕ್ಷನ್‌ಗಳ ಸಹಿ ಬದಲಾಗುತ್ತದೆ. ನನಗೆ ಇದು ಪೋರ್ಟ್‌ನಿಂದ ಸಿಕ್ಕ ಅತಿ ದೊಡ್ಡ ಲಾಭವೆನಿಸಿದೆ, ಏಕೆಂದರೆ ಯಾವ ಕೋಡ್‌ಗೆ ಯಾರ ಅಧಿಕಾರ ಬೇಕು ಎಂಬುದು ಈಗ ಬರಹದಲ್ಲೇ ಕಾಣುತ್ತದೆ. ಕಾಂಟೆಕ್ಸ್ಟ್‌ನ ಕೀಲಿ ಪ್ಯಾಕೇಜಿನ ಹೊರಗೆ ಕಾಣದ ಸ್ವಂತ ಪ್ರಕಾರದ್ದಾಗಿರಲಿ, ಆಗ ಬೇರೆ ಪ್ಯಾಕೇಜು ಸಬ್ಜೆಕ್ಟನ್ನು ನಕಲಿಯಾಗಿ ತುರುಕಲಾರದು. ಕಾಂಟೆಕ್ಸ್ಟ್‌ನಲ್ಲಿ ಸಬ್ಜೆಕ್ಟ್ ಇಲ್ಲದಿದ್ದರೆ ನಿಲ್ (ಏನೂ ಇಲ್ಲ ಎಂಬ ಮೌಲ್ಯ) ಕೊಡದೆ ಯಾವ ಅನುಮತಿಯೂ ಇಲ್ಲದ ಅನಾಮಿಕ ಸಬ್ಜೆಕ್ಟನ್ನು ಕೊಡಿ.

ಹಿನ್ನೆಲೆಯಲ್ಲಿ ಓಡುವ ಕೆಲಸಗಳಿಗೆ ಒಂದು ನಿರ್ಧಾರ ಬೇಕು. ವಿನಂತಿಯ ಕಾಂಟೆಕ್ಸ್ಟನ್ನೇ ಕೊಟ್ಟರೆ ವಿನಂತಿ ಮುಗಿದ ಕೂಡಲೇ ಅದು ರದ್ದಾಗುತ್ತದೆ. ಗೋ 1.21ರಲ್ಲಿ ಬಂದ, ರದ್ದತಿಯನ್ನು ಮಾತ್ರ ಕಳಚಿ ಒಳಗಿನ ಮೌಲ್ಯಗಳನ್ನು ಉಳಿಸುವ ಫಂಕ್ಷನ್ ಅಲ್ಪಾವಧಿಯ ಕೆಲಸಗಳಿಗೆ ಸಾಕು. ನಾಳೆ ಓಡುವ ಕೆಲಸವಾದರೆ ಬಳಕೆದಾರನ ಗುರುತನ್ನಷ್ಟೇ ಬರೆದಿಟ್ಟು, ಓಡುವ ಹೊತ್ತಿಗೆ ಅವನ ಅನುಮತಿಯನ್ನು ಮತ್ತೆ ನೋಡಬೇಕು. ಇಂದು ಕೆಲಸ ಬಿಟ್ಟವನ ಅಧಿಕಾರದಲ್ಲಿ ನಾಳೆ ವರದಿ ಹೊರಡಬಾರದು.

ಎಸೆದ ದೋಷ, ಹಿಂದಿರುಗಿಸಿದ ದೋಷ

ಜಾವಾದಲ್ಲಿ ಅನುಮತಿ ಪರೀಕ್ಷಿಸುವ ವಿಧಾನ ಏನನ್ನೂ ಹಿಂದಿರುಗಿಸುವುದಿಲ್ಲ. ಅನುಮತಿ ಇಲ್ಲದಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ, ಕರೆದವನು ಸುಮ್ಮನಿದ್ದರೂ ಕೆಳಗಿನ ಸಾಲುಗಳು ಓಡುವುದಿಲ್ಲ. ಗೋ ಭಾಷೆಯಲ್ಲಿ ಅದೇ ಫಂಕ್ಷನ್ ದೋಷವನ್ನು ಹಿಂದಿರುಗಿಸುತ್ತದೆ, ಕರೆದವನು ಅದನ್ನು ನೋಡದಿದ್ದರೆ ಕೆಳಗಿನ ಸಾಲುಗಳು ಓಡಿಯೇ ಓಡುತ್ತವೆ, ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಇದಕ್ಕೆ ಎರಡು ಕಟ್ಟು ಹಾಕಿ. ನೋಡದೆ ಬಿಟ್ಟ ದೋಷಗಳನ್ನು ಹಿಡಿಯುವ ಎರ್‌ಚೆಕ್ ಸಾಧನವನ್ನು ಬಿಲ್ಡ್‌ನಲ್ಲಿ ಕಡ್ಡಾಯ ಮಾಡುವುದು ಒಂದು. ಪರೀಕ್ಷೆಯ ಫಲವಾಗಿಯೇ ಮುಂದಿನ ಕೆಲಸಕ್ಕೆ ಬೇಕಾದ ವಸ್ತು ಸಿಗುವಂತೆ ವಿನ್ಯಾಸ ಮಾಡುವುದು ಇನ್ನೊಂದು: ಕಡತವನ್ನು ತೆರೆಯುವ ಫಂಕ್ಷನ್‌ಗೆ ಅನುಮತಿ ಚೀಟಿ ಎಂಬ ಪ್ರಕಾರದ ಮೌಲ್ಯ ಬೇಕು, ಆ ಚೀಟಿಯನ್ನು ಅಧಿಕಾರ ಪರೀಕ್ಷೆ ಮಾತ್ರ ಕೊಡಬಲ್ಲದು.

ಶೂನ್ಯ ಮೌಲ್ಯದ ಮೇಲೂ ಕಣ್ಣಿರಲಿ. ಗೋ ಭಾಷೆಯಲ್ಲಿ ಹೊಂದಿಸದ ಸಂಖ್ಯೆ ಸೊನ್ನೆ. ತೀರ್ಪನ್ನು ಸಂಖ್ಯೆಯಾಗಿ ಬರೆಯುವಾಗ ‘ಒಪ್ಪಿಗೆ’ಗೆ ಸೊನ್ನೆ ಬಂದರೆ, ಮರೆತು ಬಿಟ್ಟ ಪ್ರತಿ ದಾರಿಯೂ ಒಪ್ಪಿಗೆಯಾಗುತ್ತದೆ. ಸೊನ್ನೆ ಎಂದರೆ ಯಾವಾಗಲೂ ‘ನಿರಾಕರಣೆ’ ಆಗಿರಲಿ, ಪಾತ್ರಗಳ ಪಟ್ಟಿಯಲ್ಲಿ ಸೊನ್ನೆ ಎಂದರೆ ‘ಯಾರೂ ಅಲ್ಲ’ ಆಗಿರಲಿ.

ವಿಳಾಸ ಆಧಾರಿತ ನಿಯಮಗಳು

ಶಿರೋದ ಹೊಂದಾಣಿಕೆ ಕಡತದಲ್ಲಿ ಯಾವ ವಿಳಾಸಕ್ಕೆ ಯಾವ ಶೋಧಕ ಎಂಬ ಪಟ್ಟಿಯಿರುತ್ತದೆ, ಮೇಲಿನಿಂದ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಈ ಪಟ್ಟಿಯನ್ನು ಪೋರ್ಟ್ ಮಾಡಬೇಡಿ ಎಂಬುದು ನನ್ನ ಸಲಹೆ. 2020ರ ಸಿವಿಇ-2020-1957 ಮತ್ತು ಅದರ ಹಿಂದೆಯೇ ಬಂದ ಸಿವಿಇ-2020-11989 ಎರಡಕ್ಕೂ ಮೂಲ ಒಂದೇ: ಒಂದೇ ವಿಳಾಸವನ್ನು ಶಿರೋ ಒಂದು ಬಗೆಯಾಗಿ, ಅದರ ಹಿಂದಿದ್ದ ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟು ಇನ್ನೊಂದು ಬಗೆಯಾಗಿ ಓದಿದವು. ಕಾವಲುಗಾರ ಓದಿದ ಹೆಸರು ಬೇರೆ, ಒಳಗಿನವರು ಓದಿದ ಹೆಸರು ಬೇರೆ. ಗೋ ಭಾಷೆಯಲ್ಲಿ ಈ ವ್ಯತ್ಯಾಸಗಳು ಇನ್ನೊಂದು ಬಗೆಯವು: ಜಾವಾದ ಸರ್ವರ್‌ಗಳು ವಿಳಾಸದ ನಡುವಿನ ಅರ್ಧವಿರಾಮದ ನಂತರದ ಭಾಗವನ್ನು ಕಳಚುತ್ತವೆ, ಗೋ ಕಳಚುವುದಿಲ್ಲ, ವಿನಂತಿಯ ಪಾಥ್ ಕ್ಷೇತ್ರದಲ್ಲಿ ಶೇಕಡಾ ಚಿಹ್ನೆಯಿಂದ ಬರೆದ ಓರೆಗೆರೆ ಬಿಡಿಸಿದ ರೂಪದಲ್ಲಿ ಕಾಣುತ್ತದೆ.

ನಿಯಮವನ್ನು ವಿಳಾಸಕ್ಕೆ ಕಟ್ಟದೆ, ವಿನಂತಿಗೆ ಉತ್ತರಿಸುವ ಫಂಕ್ಷನ್ ಆದ ಹ್ಯಾಂಡ್ಲರ್‌ಗೆ ಕಟ್ಟಿ. ವಿಳಾಸ ನೋಡಿ ವಿನಂತಿಯನ್ನು ಹ್ಯಾಂಡ್ಲರ್‌ಗೆ ಮುಟ್ಟಿಸುವ ರೂಟರ್‌ಗೆ ಹ್ಯಾಂಡ್ಲರ್ ನೋಂದಾಯಿಸುವ ಫಂಕ್ಷನ್‌ಗೇ ಅಗತ್ಯ ಅನುಮತಿಯನ್ನು ಆರ್ಗ್ಯುಮೆಂಟ್ ಆಗಿ ಕೇಳಿದರೆ ವಿಳಾಸವನ್ನು ಓದುವವನು ಒಬ್ಬನೇ ಆಗುತ್ತಾನೆ. ಮೂಲದಲ್ಲಿ ಯಾವ ಸಾಲಿಗೂ ಹೊಂದದ ವಿಳಾಸ ಯಾವ ಶೋಧಕವನ್ನೂ ದಾಟದೆ ಒಳಗೆ ಹೋಗುತ್ತಿತ್ತು ಎಂಬುದನ್ನೂ ಗಮನಿಸಿ. ಪೋರ್ಟ್‌ನಲ್ಲಿ ಅನುಮತಿ ಹೇಳದ ಹ್ಯಾಂಡ್ಲರ್ ನೋಂದಣಿಯೇ ಆಗಬಾರದು, ಸಾರ್ವಜನಿಕ ಪುಟಕ್ಕೂ ‘ಸಾರ್ವಜನಿಕ’ ಎಂದು ಬಾಯಿಬಿಟ್ಟು ಹೇಳಿಸಬೇಕು. ಇದು ಮೂಲದ ನಡವಳಿಕೆಯಿಂದ ಬೇಕೆಂದೇ ಮಾಡಿದ ಬದಲಾವಣೆ, ದಾಖಲೆಯ ಮೊದಲ ಪುಟದಲ್ಲೇ ಬರಲಿ.

ಹಳೆಯದನ್ನು ಇಳಿಸುವುದು

ಕೆಲವು ವಾರ ಎರಡನ್ನೂ ಜೊತೆಯಾಗಿ ಓಡಿಸಿ. ತೀರ್ಪು ಜಾವಾದ್ದೇ ನಡೆಯಲಿ, ಗೋ ಭಾಷೆಯದು ಪಕ್ಕದಲ್ಲಿ ತನ್ನ ತೀರ್ಪನ್ನು ಬರೆದಿಡುತ್ತಿರಲಿ. ಎರಡೂ ಬೇರೆಯಾದ ಪ್ರತಿ ಪ್ರಸಂಗವನ್ನೂ ಲಾಗ್‌ನಲ್ಲಿ ಬರೆಯಿರಿ, ಪಾಸ್‌ವರ್ಡ್ ಅಥವಾ ಟೋಕನ್ ಅದರಲ್ಲಿ ಬೀಳದಂತೆ ನೋಡಿಕೊಳ್ಳಿ. ಗೋ ನಿರಾಕರಿಸಿ ಜಾವಾ ಒಪ್ಪಿದ್ದರೆ ಅದು ಬಳಕೆದಾರರ ಕಿರಿಕಿರಿ, ಸೋಮವಾರ ನೋಡಬಹುದು; ಗೋ ಒಪ್ಪಿ ಜಾವಾ ನಿರಾಕರಿಸಿದ್ದರೆ ಊಟ ಬಿಟ್ಟು ಏಳಬೇಕು. ಇದೇ ಅವಧಿಯಲ್ಲಿ ರೇಸ್ (ಏಕಕಾಲದ ಓದು-ಬರಹಗಳ ಘರ್ಷಣೆ) ಪತ್ತೆಯ ಸೌಲಭ್ಯದೊಂದಿಗೆ ಪರೀಕ್ಷೆಗಳನ್ನು ಓಡಿಸಿ, ಏಕೆಂದರೆ ಅನುಮತಿಗಳ ಕ್ಯಾಶ್‌ಗೆ (ತಾತ್ಕಾಲಿಕ ಸಂಗ್ರಹಕ್ಕೆ) ಜಾವಾದಲ್ಲಿ ಬಳಸಿದ ಹಂಚಿಕೆಯ ಮ್ಯಾಪ್‌ನಂತೆ ಗೋ ಭಾಷೆಯ ಸಾಮಾನ್ಯ ಮ್ಯಾಪ್ ಏಕಕಾಲದ ಬರವಣಿಗೆಯನ್ನು ತಡೆದುಕೊಳ್ಳುವುದಿಲ್ಲ.

ತೀರ್ಪು ಗೋ ಕೈಗೆ ಬಂದ ಮೇಲೆ, ಹಳೆಯ ಶಿರೋ1 ಹ್ಯಾಶ್‌ನಿಂದ ಯಶಸ್ವಿಯಾಗಿ ಲಾಗಿನ್ ಆದ ಪ್ರತಿಯೊಬ್ಬರ ಪಾಸ್‌ವರ್ಡನ್ನೂ ಆ ಕ್ಷಣದಲ್ಲೇ ಆರ್ಗಾನ್2ಐಡಿಯಿಂದ ಮತ್ತೆ ಹ್ಯಾಶ್ ಮಾಡಿ ಬರೆಯಿರಿ. ಹಳೆಯ ಗುರುತಿನ ಸಾಲುಗಳು ಎಷ್ಟು ಉಳಿದಿವೆ ಎಂದು ವಾರಕ್ಕೊಮ್ಮೆ ಎಣಿಸಿ. ಮೊದಲೇ ಪ್ರಕಟಿಸಿದ ದಿನಾಂಕ ಬಂದಾಗ ಉಳಿದವರಿಗೆ ಪಾಸ್‌ವರ್ಡ್ ಬದಲಿಸುವ ದಾರಿ ತೋರಿಸಿ, ಆ ಐದು ಲಕ್ಷ ಸುತ್ತಿನ ಲೂಪನ್ನು ಕೋಡ್‌ನಿಂದ ಅಳಿಸಿಹಾಕಿ. ಸಾಕ್ಷಿ ಕಡತದಲ್ಲಿ ಅದಕ್ಕೆ ಸೇರಿದ ಸಾಲುಗಳನ್ನೂ ಅದೇ ಕಮಿಟ್‌ನಲ್ಲಿ ತೆಗೆಯಿರಿ.